ಗವಿಯ ಕಲ್ಲು ಮುರಿದವನೊಬ್ಬನ ಪತ್ರ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯ ಪ್ರವಾಸ ಪುಟದಲ್ಲಿ ಗವಿಗಳ ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ, ನಮ್ಮ ದಾಂಡೇಲಿ ಸುತ್ತಿನ ಕಾಡಿನ ಹೆಸರು ಕಂಡಿತಲ್ಲ ಎಂಬ ಸಂತೋಷಕ್ಕೆ. ಎರಡನೆಯ ಸಲ, ಜೊತೆಗಿದ್ದ ಚಿತ್ರ ಕಂಡು ಬಂದ ಸಿಟ್ಟಿಗೆ. ಯುವಕನೊಬ್ಬ ಗೇಣುದ್ದದ ಬಿಳಿ ಕಲ್ಲನ್ನು ಎತ್ತಿ ಹಿಡಿದು ನಗುತ್ತಿದ್ದಾನೆ. ಕೆಳಗೆ ‘ನೆನಪಿಗೊಂದು ಕಾಣಿಕೆ’ ಎಂಬ ಅಡಿಬರಹ. ಆ ಕಲ್ಲಿನ ಒಂದು ತುದಿ ಚಿತ್ರದಲ್ಲೇ ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು. ಹೊಸದಾಗಿ ಮುರಿದ ತುದಿ ಮಾತ್ರ ಹಾಗೆ ಹೊಳೆಯುತ್ತದೆ. ಇದು ನನಗೆ ಹೇಗೆ ಗೊತ್ತೆಂದರೆ ನಾನೂ ಒಂದನ್ನು ಮುರಿದವನು.

ಮೊದಲು ಲೇಖನದ ಒಂದು ಚಿಕ್ಕ ತಪ್ಪನ್ನು ಮುಗಿಸಿಬಿಡುತ್ತೇನೆ. ನಮ್ಮ ಪುಣೆಯ ಹತ್ತಿರದ ಕಾರ್ಲೆ, ಭಾಜೆ, ಮುಂಬಯಿಯ ಕಾನ್ಹೇರಿ, ಇವನ್ನೂ ಉತ್ತರ ಕನ್ನಡದ ಸುಣ್ಣಕಲ್ಲಿನ ಗವಿಗಳನ್ನೂ ಲೇಖಕರು ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಕಾರ್ಲೆಯದು ಮನುಷ್ಯರು ಉಳಿ ಹಿಡಿದು ಕೊರೆದ ಗುಹೆ. ಅಲ್ಲಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. ಕೊರೆದವರು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧರ ಕಾಲದ ಕಲ್ಲುಕುಟಿಗರು. ಸುಣ್ಣಕಲ್ಲಿನ ಗವಿಯನ್ನು ಕೊರೆಯುವುದು ನೀರು. ಕೊರೆದ ಮೇಲೆ ಅದೇ ನೀರು ಒಳಗೆ ಕಂಬ, ಗೊಂಚಲು, ಲಿಂಗ ಎಲ್ಲವನ್ನೂ ಕಟ್ಟುತ್ತದೆ. ನಾನು ಹೇಳಬೇಕಾದದ್ದು ಈ ಎರಡನೆಯ ಬಗೆಯ ಗವಿಯ ವಿಷಯ.

ಪುಣೆಗೆ ಬಂದು ಮೂವತ್ತು ವರ್ಷಗಳಾದವು. ಕೋಥ್ರೂಡಿನಲ್ಲಿ ಗೀಜರ್ ರಿಪೇರಿ, ನಲ್ಲಿ ಕೆಲಸ ಮಾಡಿಕೊಂಡಿದ್ದೇನೆ. ಊರ ಹೊರವಲಯದ ಸೊಸೈಟಿಗಳು ಬೇಸಿಗೆ ಬಂತೆಂದರೆ ಟ್ಯಾಂಕರನ್ನೇ ನಂಬಿರುತ್ತವೆ. ಟ್ಯಾಂಕರಿನಲ್ಲಿ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಆ ನೀರೇ ನನ್ನ ಅನ್ನದಾತ. ಬಿಸಿಯಾದಾಗಲೆಲ್ಲ ಅದು ಗೀಜರಿನ ಕಾಯಿಲ್ ಮೇಲೆ ಸುಣ್ಣದ ಪದರ ಬಿಟ್ಟುಹೋಗುತ್ತದೆ. ಇಲ್ಲಿನವರು ‘ಕ್ಷಾರ ಹಿಡಿದಿದೆ’ ಎನ್ನುತ್ತಾರೆ. ಕ್ಷಾರ ದಪ್ಪವಾಗುತ್ತಾ ಹೋದಂತೆ ಕಾಯಿಲ್ ಒಳಗೊಳಗೇ ಕಾದು ಒಂದು ದಿನ ಸುಟ್ಟುಹೋಗುತ್ತದೆ, ನನಗೆ ಫೋನ್ ಬರುತ್ತದೆ. ಇಷ್ಟು ವರ್ಷಗಳಲ್ಲಿ ಗೋಣಿಚೀಲಗಟ್ಟಲೆ ಸುಣ್ಣವನ್ನು ಕೆತ್ತಿ ಎಸೆದಿದ್ದೇನೆ, ಅದರಲ್ಲಿ ನೋಡುವಂಥದ್ದು ಏನಾದರೂ ಇದೆ ಎಂದು ಒಮ್ಮೆಯೂ ಅನಿಸಿರಲಿಲ್ಲ.

2022ರಲ್ಲಿ ಇಲ್ಲಿನ ಪಾಷಾಣ ಬಡಾವಣೆಯ ಕಡೆಯ ಒಂದು ಮನೆಗೆ ಹೋಗಿದ್ದೆ. ಮನೆಯೊಡತಿ ಧಾರವಾಡದವರು, ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಕನ್ನಡದಲ್ಲಿ ಮಾತಾಡಿದ ಮೊದಲ ದಿನದಿಂದಲೇ ನಾನು ಅವರನ್ನು ‘ಅಕ್ಕಾವರೇ’ ಎನ್ನುತ್ತೇನೆ, ಅವರು ನನ್ನನ್ನು ‘ತಮ್ಮಾ’ ಎನ್ನುತ್ತಾರೆ. ಸುಟ್ಟ ಕಾಯಿಲನ್ನು ಹೊರತೆಗೆದು ಇನ್ನೇನು ಕಸದ ಬುಟ್ಟಿಗೆ ಹಾಕಬೇಕು, ಅವರು ತಡೆದರು. ಆಕ್ಸಾ ಬ್ಲೇಡಿನಿಂದ ಅಡ್ಡಲಾಗಿ ಕೊಯ್ಯಿಸಿದರು, ಕೊಯ್ದ ಮುಖವನ್ನು ಒದ್ದೆ ಮಾಡಿ ಮರಳು ಕಾಗದದಿಂದ ಉಜ್ಜಿಸಿದರು, ಕೊನೆಗೆ ಕೈಗೆ ಭೂತಗನ್ನಡಿ ಕೊಟ್ಟರು.

ಮರದ ದಿಮ್ಮಿಯಲ್ಲಿ ಇರುವಂತೆ ಉಂಗುರಗಳಿದ್ದವು. ದಪ್ಪ ಬಿಳಿ ಪಟ್ಟಿ, ಅದರ ಪಕ್ಕ ತೆಳುವಾದ ಕಂದು ಗೆರೆ, ಮತ್ತೆ ಬಿಳಿ ಪಟ್ಟಿ. ಟ್ಯಾಂಕರ್ ನೀರಿನ ತಿಂಗಳುಗಳು ಬಿಳಿ. ಮಳೆಗಾಲದಲ್ಲಿ ನಲ್ಲಿಗೆ ಬರುವ ಕೆಂಪು ನೀರು ಕಂದು. 2016ರಲ್ಲಿ ಕೊಂಡ ಗೀಜರು. ಇಬ್ಬರೂ ಎಣಿಸಿದೆವು, ಆರು ಬಂತು. ಅವುಗಳಲ್ಲಿ ಒಂದು ಪಟ್ಟಿ ಮಾತ್ರ ಎಳೆಯಷ್ಟು ಸಣ್ಣದು. ನಾನು ಯೋಚಿಸುತ್ತಿದ್ದಾಗ ಅಕ್ಕಾವರು ನಕ್ಕರು. “ಅದು ಲಾಕ್‌ಡೌನ್, ತಮ್ಮಾ. ಎಂಟು ತಿಂಗಳು ನಾನು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಸಿಕ್ಕಿಕೊಂಡಿದ್ದೆ. ಗೀಜರ್ ಹಚ್ಚುವವರೇ ಇರಲಿಲ್ಲ.”

ನನಗೆ ಮೈ ಜುಮ್ಮೆಂದಿತು. ಮನೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂಬುದನ್ನು ಒಂದು ಕಾಯಿಲ್ ಬರೆದಿಟ್ಟುಕೊಂಡಿತ್ತು.

ಮರುದಿನ ಸಂಜೆ ನನ್ನ ಮೇಜಿನ ಮೇಲಿದ್ದ ಬಿಳಿ ಕಲ್ಲನ್ನು ಪೇಪರಿನಲ್ಲಿ ಸುತ್ತಿಕೊಂಡು ಮತ್ತೆ ಅವರ ಮನೆಗೆ ಹೋದೆ. ಅದರ ಕಥೆ ಇಷ್ಟು. ನಾನು ಹನ್ನೆರಡರ ಹುಡುಗ. ಶಿವರಾತ್ರಿಯ ದಿನ ನಾಲ್ಕೈದು ಮಂದಿ ಸೂಡಿ ಹಚ್ಚಿಕೊಂಡು ನಮ್ಮ ಕಡೆಯ ಒಂದು ಗವಿಗೆ ಹೋಗಿದ್ದೆವು. (ಗವಿಯ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಅಲ್ಲಿಗೂ ನಾಲ್ಕು ಜೀಪು ಹೋಗುತ್ತವೆ.) ಮಾಡಿನಿಂದ ಇಳಿಬಿದ್ದ ಕೋಲುಗಳಲ್ಲಿ ಕೈಗೆಟಕಿದ ಒಂದನ್ನು ಕಲ್ಲಿನಿಂದ ಹೊಡೆದೆ. ಗಾಜಿನ ಬಳೆ ಒಡೆದಂಥ ಸದ್ದು. ಗೆಳೆಯರೆಲ್ಲ ಭೇಷ್ ಎಂದರು. ಮನೆಗೆ ತಂದಾಗ ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ಲಿಂಗವೆಂದು ಕಣ್ಣಿಗೊತ್ತಿಕೊಂಡು ತುಳಸಿಕಟ್ಟೆಯಲ್ಲಿ ಇಟ್ಟು ದಿನಾ ನೀರು, ಅರಿಶಿನ, ಕುಂಕುಮ ಹಾಕಿದಳು. ಅವಳು ಹೋದ ಮೇಲೆ, ಮನೆ ಮಾರಿದಾಗ, ಕಲ್ಲು ಪುಣೆಗೆ ಬಂತು. ಬಿಲ್ಲುಗಳು ಹಾರಿಹೋಗದಂತೆ ಭಾರಕ್ಕೆ ಇಟ್ಟುಕೊಂಡೆ.

ಅಕ್ಕಾವರು ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತಂದರು. ಗೀಜರಿನ ಸುಣ್ಣದ ಮೇಲೆ ಒಂದು ಹನಿ, ಗವಿಯ ಕಲ್ಲಿನ ಮುರಿದ ತುದಿಯ ಮೇಲೆ ಒಂದು ಹನಿ. ಎರಡೂ ಸಣ್ಣಗೆ ನೊರೆ ಎದ್ದವು. ಎರಡೂ ಒಂದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ಕಟ್ಟಿದ ಬಗೆ ಮಾತ್ರ ಬೇರೆ. ಮಳೆನೀರು ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಬೇರು, ಕೊಳೆತ ಎಲೆ, ಹುಳುಹುಪ್ಪಟೆ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಹೀರಿ ಕೊಂಚ ಹುಳಿಯಾಗುತ್ತದೆ. ಆ ಹುಳಿ ನೀರು ದಾರಿಯಲ್ಲಿ ಸುಣ್ಣಕಲ್ಲನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಗವಿಯ ಮಾಡಿಗೆ ಬಂದು ಹನಿಯಾಗಿ ನಿಂತಾಗ, ಗೋಲಿ ಸೋಡಾದ ಗೋಲಿ ಒತ್ತಿದಂತೆ, ಗ್ಯಾಸ್ ಹೊರಟುಹೋಗುತ್ತದೆ. ಹುಳಿ ಇಳಿದ ನೀರಿಗೆ ಸುಣ್ಣ ಹೊರುವ ತ್ರಾಣ ಇರುವುದಿಲ್ಲ, ಅಲ್ಲೇ ಇಳಿಸಿ ಹೋಗುತ್ತದೆ. ಗೀಜರಿನಲ್ಲಿ ಆ ಗ್ಯಾಸನ್ನು ಶಾಖ ಓಡಿಸುತ್ತದೆ, ಗವಿಯಲ್ಲಿ ಅದು ತಾನಾಗಿಯೇ ಹೋಗುತ್ತದೆ. ಅವಸರವಿಲ್ಲ. ಎಷ್ಟೋ ಗವಿಗಳಲ್ಲಿ ವರ್ಷಕ್ಕೆ ಬೆಳೆಯುವುದು ಕೂದಲೆಳೆಯ ದಪ್ಪ, ಕೆಲವೆಡೆ ಅದಕ್ಕಿಂತ ತುಸು ಹೆಚ್ಚು. ಹನಿಗೂಡಿದರೆ ಹಳ್ಳ ಎನ್ನುತ್ತಾರಲ್ಲ, ಇಲ್ಲಿ ಹನಿಗೂಡಿದರೆ ಕಲ್ಲು.

ಇನ್ನು ಮಳೆಯ ಲೆಕ್ಕ. ಶಿವಾಜಿನಗರದ ಹತ್ತಿರ ‘ಸಿಮ್ಲಾ ಆಫೀಸ್’ ಎಂಬ ನಿಲ್ದಾಣ ಪುಣೆಯವರಿಗೆಲ್ಲ ಗೊತ್ತು. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಆ ಹೆಸರು. ಇಲಾಖೆ ಹುಟ್ಟಿದ್ದು 1875ರಲ್ಲಿ. ದೇಶದ ಉದ್ದಗಲಕ್ಕೂ ಮಳೆಯನ್ನು ಅಳೆದು ಬರೆದ ನಂಬಲರ್ಹ ಲೆಕ್ಕ ನಮ್ಮಲ್ಲಿರುವುದು ನೂರೈವತ್ತು ವರ್ಷಗಳದ್ದು. ನಮ್ಮ ಮುತ್ತಜ್ಜಂದಿರು ಹೇಳುತ್ತಿದ್ದ ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರದು, ಆ ಲೆಕ್ಕದ ಅಂಚಿನಲ್ಲೇ ಇದೆ. ಅದಕ್ಕಿಂತ ಹಿಂದಿನದನ್ನು ಯಾರನ್ನು ಕೇಳಬೇಕು? ಮರದ ಉಂಗುರಗಳನ್ನು ಕೇಳಬಹುದು, ಸಮುದ್ರದ ತಳದ ಕೆಸರನ್ನು ಕೇಳಬಹುದು. ಇಲ್ಲವೇ ಗವಿಯ ಕಲ್ಲನ್ನು.

ಕೇಳುವ ವಿಧಾನವನ್ನು ಅಕ್ಕಾವರು ಹೇಳಿದಂತೆ, ನನಗೆ ತಿಳಿದಷ್ಟು ಬರೆಯುತ್ತೇನೆ. ನೀರಿನಲ್ಲಿರುವ ಆಮ್ಲಜನಕದಲ್ಲಿ ಹೆಚ್ಚಿನದು 16 ತೂಕದ ಹಗುರ ಜಾತಿಯದು. ಸುಮಾರು ಐನೂರಕ್ಕೆ ಒಂದು ಮಾತ್ರ 18 ತೂಕದ ಭಾರದ್ದು. ಮೋಡ ಮಳೆ ಸುರಿಸುವಾಗ ಭಾರದ್ದು ಮೊದಲು ಇಳಿಯುತ್ತದೆ. ಮಾರ್ಕೆಟ್ ಯಾರ್ಡಿನ ಹಮಾಲರನ್ನು ನೋಡಿ, ದೊಡ್ಡ ಮೂಟೆ ಹೊತ್ತವನೇ ಮೊದಲು ಹೊರೆ ಇಳಿಸುವುದು. ಮುಂಗಾರು ಜೋರಾಗಿ, ಬಿಡದೆ ಸುರಿದರೆ ಮೋಡದಲ್ಲಿ ಉಳಿಯುವುದು ಹೆಚ್ಚೆಚ್ಚು ಹಗುರದ್ದು, ಆಮೇಲೆ ಬೀಳುವ ಮಳೆಯೂ ಹಗುರ. ಆ ನೀರೇ ಇಳಿದು ಗವಿಯಲ್ಲಿ ಕಲ್ಲಾದಾಗ ಅದೇ ಗುರುತು ಕಲ್ಲಿನಲ್ಲಿ ಕೂರುತ್ತದೆ. ವಿಜ್ಞಾನಿಗಳು ಕಲ್ಲನ್ನು ಉದ್ದಕ್ಕೆ ಸೀಳಿ, ಹಲ್ಲಿನ ಡಾಕ್ಟರರಲ್ಲಿ ಇರುವಂಥ ಸಣ್ಣ ಡ್ರಿಲ್ಲಿನಿಂದ ಪದರ ಪದರದ ಚಿಟಿಕೆ ಪುಡಿ ತೆಗೆದು ಯಂತ್ರದಲ್ಲಿ ಭಾರ ಹಗುರಗಳನ್ನು ಬೇರೆ ಮಾಡಿ ನೋಡುತ್ತಾರೆ. ನಮ್ಮ ಕಡೆಯ ಗವಿಗಳಲ್ಲಿ ಪದರ ಹಗುರವಿದ್ದರೆ ಸಾಮಾನ್ಯವಾಗಿ ಒಳ್ಳೆಯ ಮಳೆಗಾಲ, ಭಾರವಿದ್ದರೆ ಕೊರತೆಯ ಮಳೆಗಾಲ. ಸಾಮಾನ್ಯವಾಗಿ ಎಂದು ಒತ್ತಿ ಬರೆಯುವಂತೆ ಅಕ್ಕಾವರು ಹೇಳಿದ್ದಾರೆ; ಮೋಡ ಯಾವ ಕಡಲಿನಿಂದ ಎಷ್ಟು ದೂರ ಬಂತು ಎಂಬುದೂ ಆ ಗುರುತಿನಲ್ಲಿ ಬೆರೆತಿರುತ್ತದಂತೆ.

ಆ ಪದರ ಯಾವ ಕಾಲದ್ದು ಎಂದು ತಿಳಿಯುವ ಉಪಾಯ ನನಗೆ ಇನ್ನೂ ಇಷ್ಟವಾಯಿತು. ಯುರೇನಿಯಂ ನೀರಿನಲ್ಲಿ ಕರಗಿ ಬರುತ್ತದೆ, ಥೋರಿಯಂ ಕರಗುವುದಿಲ್ಲ. ಆದ್ದರಿಂದ ಕಲ್ಲು ಕಟ್ಟಿದ ದಿನ ಅದರಲ್ಲಿ ಒಂದಿಷ್ಟು ಯುರೇನಿಯಂ ಇರುತ್ತದೆ, ಥೋರಿಯಂ ಇರುವುದಿಲ್ಲ ಎನ್ನಬೇಕು. ಕಾಲ ಸರಿದಂತೆ ಯುರೇನಿಯಂ ಒಂದು ಗೊತ್ತಾದ ವೇಗದಲ್ಲಿ ಥೋರಿಯಂ ಆಗುತ್ತದೆ. ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಮಕ್ಕಳ ಬಳಿ ಅಮೆರಿಕಕ್ಕೆ ಹೋದವರ ಮನೆಗಳ ಬೀಗದ ಕೈ ನನ್ನಲ್ಲಿರುತ್ತದೆ. ಗುಡಿಸಿ ಒರೆಸಿ ಬೀಗ ಹಾಕಿದ ಮನೆಯ ನಲ್ಲಿಯ ಮೇಲಿನ ಧೂಳನ್ನು ಬೆರಳಿನಿಂದ ಸವರಿದರೆ ಸಾಕು, ಅವರು ಹೋಗಿ ಎಷ್ಟು ದಿನವಾಯಿತೆಂದು ನಾನು ಹೇಳಬಲ್ಲೆ. ಆದರೆ ಗುಡಿಸದೆ ಹೋಗಿದ್ದರೆ ನನ್ನ ಲೆಕ್ಕ ತಪ್ಪುತ್ತದೆ. ಕಲ್ಲಿನದೂ ಹಾಗೆಯೇ. ಹನಿಯ ಜೊತೆ ಜೇಡಿಮಣ್ಣು ಬಂದು ಸೇರಿದ್ದರೆ ಅದರೊಂದಿಗೆ ಹೊರಗಿನ ಥೋರಿಯಂ ಬಂದು ವಯಸ್ಸಿನ ಲೆಕ್ಕ ಕೆಡುತ್ತದೆ.

ಚೀನಾದ ಗವಿಗಳ ಕಲ್ಲುಗಳನ್ನು ಒಂದಕ್ಕೊಂದು ಜೋಡಿಸಿ 6,40,000 ವರ್ಷಗಳ ಮುಂಗಾರಿನ ಏರಿಳಿತವನ್ನು 2016ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ದೇಶದ ಕಲ್ಲಿಗೆ ಸಿಕ್ಕ ದೊಡ್ಡ ಗೌರವ 2018ರದು. ಮೇಘಾಲಯದ ಸೋಹ್ರಾ, ಅಂದರೆ ನಾವು ಶಾಲೆಯಲ್ಲಿ ಓದಿದ ಚಿರಾಪುಂಜಿ, ಅದರ ಹತ್ತಿರದ ಮಾವ್ಮ್ಲು ಗವಿಯ ಒಂದು ಕಲ್ಲಿನಲ್ಲಿ ಸುಮಾರು 4,200 ವರ್ಷಗಳ ಹಿಂದಿನ ಮಳೆಯ ಕುಸಿತದ ಗುರುತು ಸಿಕ್ಕಿದೆ. ಭೂಮಿಯ ಚರಿತ್ರೆಯಲ್ಲಿ ಈಗ ನಾವಿರುವ ಯುಗ ಅಲ್ಲಿಂದ ಶುರು ಎಂದು ತೀರ್ಮಾನಿಸಿ, ಅದಕ್ಕೆ ‘ಮೇಘಾಲಯನ್’ ಎಂದೇ ಹೆಸರಿಟ್ಟರು. ಆ ಬರ ಎಲ್ಲ ಕಡೆಯೂ ಒಂದೇ ಸಮಯಕ್ಕೆ, ಒಂದೇ ಬಗೆಯಲ್ಲಿ ಬಂದಿತ್ತೇ ಎಂಬ ಜಗಳ ವಿಜ್ಞಾನಿಗಳ ನಡುವೆ ಇನ್ನೂ ನಡೆಯುತ್ತಿದೆ. ನಡೆಯಲಿ. ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡಬಾರದಲ್ಲ. ಅದಕ್ಕೇ ಹಲವು ಗವಿಗಳು ಬೇಕು, ಗವಿಗಳಲ್ಲಿ ಮುರಿಯದ ಕಲ್ಲುಗಳು ಬೇಕು.

ಪುಣೆಯ ಓದುಗರಿಗೆ ಹತ್ತಿರದ ಒಂದು ಮಾತು. ಇಲ್ಲಿನ ಹಿರಿಯರು ‘ದುರ್ಗಾದೇವಿ ದುಷ್ಕಾಳ’ ಎನ್ನುತ್ತಾರೆ. 1396ರಿಂದ ಹನ್ನೆರಡು ವರ್ಷ ದಖ್ಖನನ್ನು ಸುಟ್ಟ ಬರ. ಬಹಮನಿಗಳ ಕಾಲ, ಹಾಗಾಗಿ ಅದು ನಮ್ಮ ಕಲಬುರಗಿ, ಬೀದರಿನ ಬರವೂ ಹೌದು. ಹನ್ನೆರಡು ವರ್ಷ ಎಂಬುದು ಕಥೆ ಹೇಳುವವರ ಲೆಕ್ಕವಿರಬೇಕು ಎಂದು ನಾನು ಅಂದುಕೊಂಡಿದ್ದೆ. ಛತ್ತೀಸಗಢದ ಬಸ್ತರಿನ ದಂಡಕ್ ಗವಿಯ ಕಲ್ಲನ್ನು ಓದಿ 2007ರಲ್ಲಿ ಪ್ರಕಟಿಸಿದ ಒಂಬೈನೂರು ವರ್ಷಗಳ ಮಳೆಯ ದಾಖಲೆಯಲ್ಲಿ ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ಮುಂಗಾರು ಮತ್ತೆ ಮತ್ತೆ, ವರ್ಷಗಟ್ಟಲೆ ಸೊರಗಿದ್ದು ಕಾಣುತ್ತದೆ. ನಮ್ಮ ಅಳತೆಯ ನೂರೈವತ್ತು ವರ್ಷಗಳಲ್ಲಿ ಅಷ್ಟು ಉದ್ದದ ಕೊರತೆ ಬಂದಿಲ್ಲ. 1972ರ ಬರವನ್ನು ಕಂಡವರು ಅದನ್ನು ಹೇಳುವಾಗ ಈಗಲೂ ದನಿ ತಗ್ಗಿಸುತ್ತಾರೆ. ಅಂಥದ್ದು ಸಾಲಾಗಿ ಬಂದರೆ ಏನು ಗತಿ ಎಂದು ಅಣೆಕಟ್ಟು ಕಟ್ಟುವವರಾದರೂ ಕೇಳಬೇಡವೇ? ನನ್ನ ಗಿರಾಕಿಗಳ ಟ್ಯಾಂಕರುಗಳಂತೂ ಎರಡನೆಯ ವರ್ಷಕ್ಕೇ ನಿಲ್ಲುತ್ತವೆ.

ಉತ್ತರ ಕನ್ನಡದವನಾಗಿ ನಾನು ನಾಚಿಕೊಂಡದ್ದು ಬೇರೆ ವಿಷಯಕ್ಕೆ. ನಮ್ಮದೇ ಜಿಲ್ಲೆಯ ಅಕಳಗವಿಯ ಒಂದು ಕಲ್ಲನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಓದಿ, 331 ವರ್ಷಗಳ ಮಳೆಯ ಏರಿಳಿತವನ್ನು 2004ರಲ್ಲೇ ಪ್ರಕಟಿಸಿದ್ದಾರೆ. ಶಿವಾಜಿ ಮಹಾರಾಜರ ಕಾಲದಿಂದ ಈಚೆಗೆ ನಮ್ಮ ಕಾಡಿನ ಮೇಲೆ ಮಳೆ ಹೇಗೆ ಹೆಚ್ಚಿತು, ಹೇಗೆ ಇಳಿಯಿತು ಎಂಬುದು ಒಂದು ಕಲ್ಲಿನಲ್ಲಿ ಸಿಕ್ಕಿತು. ಅದು ಪ್ರಕಟವಾಗಿ ಹದಿನೆಂಟು ವರ್ಷಗಳಾದ ಮೇಲೆ, ಪಾಷಾಣದ ಒಂದು ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಕೂತು ನಾನು ಆ ಹೆಸರನ್ನು ಮೊದಲು ಕೇಳಿದೆ.

ಹಾಗಾದರೆ ನನ್ನ ಕಲ್ಲೂ ಯಾರಿಗಾದರೂ ಉಪಯೋಗಕ್ಕೆ ಬಂದೀತೇ ಎಂದು ಆಸೆಯಿಂದ ಕೇಳಿದೆ. ಅಕ್ಕಾವರು ಒಂದೊಂದಾಗಿ ಪ್ರಶ್ನೆ ಹಾಕಿದರು. ಬಾಯಿಯಿಂದ ಎಷ್ಟು ಒಳಗೆ? ಯಾವ ಮೂಲೆ? ಕೆಳಗೆ ಹನಿ ಬೀಳುತ್ತಿತ್ತೋ, ಒಣಗಿತ್ತೋ? ಯಾವ ವರ್ಷ? ವರ್ಷವೊಂದನ್ನು ಬಿಟ್ಟು ನನಗೆ ಏನೂ ಗೊತ್ತಿರಲಿಲ್ಲ. ಮಾಡಿನಿಂದ ಇಳಿಬಿದ್ದ ಕೋಲಿಗಿಂತ ಅದರ ಕೆಳಗೆ ನೆಲದಿಂದ ಎದ್ದ ಮೊಳಕೆಯೇ ವಿಜ್ಞಾನಿಗಳಿಗೆ ಹೆಚ್ಚು ಬೇಕಾದದ್ದು, ಅದರಲ್ಲಿ ಪದರಗಳು ಒಂದರ ಮೇಲೊಂದು ನೇರವಾಗಿ ಕೂತಿರುತ್ತವೆ. ಕೋಲನ್ನು ಮುರಿದರೆ ಹನಿಯ ದಾರಿ ಬದಲಾಗಿ ಕೆಳಗಿನದರ ಬೆಳವಣಿಗೆಯೂ ಕೆಡಬಹುದು. ಮೇಲೆ ಅವ್ವನ ಅರಿಶಿನ ಕುಂಕುಮ ಬೇರೆ. “ಹೆಸರು, ವಿಳಾಸ, ತಾರೀಖು ಒಂದೂ ಇಲ್ಲದ ಬಿಲ್ಲು ತಂದು ದುಡ್ಡು ಕೇಳಿದರೆ ನೀನು ಕೊಡುತ್ತೀಯಾ?” ಎಂದರು. ಆ ಕಲ್ಲಿನ ಕೆಳಗೆ ನಾನು ಇಡುತ್ತಿದ್ದದ್ದು ಬಿಲ್ಲುಗಳನ್ನೇ ಎಂದು ಅವರಿಗೆ ಹೇಳಿರಲಿಲ್ಲ.

ವಿಜ್ಞಾನಿಗಳೂ ಕಲ್ಲು ಕಿತ್ತೊಯ್ಯುತ್ತಾರಲ್ಲ, ಅವರು ಮಾಡಿದರೆ ಸರಿಯೇ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದೆ. ಸಾಧ್ಯವಾದಾಗ ತಾವಾಗಿಯೇ ಬಿದ್ದ ಕಲ್ಲನ್ನು ಆರಿಸುತ್ತಾರೆ, ಇಲ್ಲವೇ ಬೆರಳು ದಪ್ಪದ ಕೊಳವೆಯಷ್ಟನ್ನು ಕೊರೆದು ತೆಗೆಯುತ್ತಾರೆ ಎಂದರು. ಎಲ್ಲರೂ ಹಾಗೆ ಮಾಡುವುದಿಲ್ಲ ಎಂದೂ ಅವರೇ ಹೇಳಿದರು, ಮುಖ ಸಣ್ಣದು ಮಾಡಿಕೊಂಡು.

ತಮ್ಮಲ್ಲಿ ನನ್ನ ಕೇಳಿಕೆ ದೊಡ್ಡದಲ್ಲ. ಆ ಅಡಿಬರಹ ತಪ್ಪು ಎಂದು ಒಂದು ಸಾಲು ಹಾಕಿ. ಗವಿಗಳ ಬಗ್ಗೆ ಲೇಖನ ಬಂದಾಗಲೆಲ್ಲ ಮುಟ್ಟಬೇಡಿ, ಮುರಿಯಬೇಡಿ, ಹೆಸರು ಕೆತ್ತಬೇಡಿ ಎಂಬುದೂ ಅದರೊಳಗೆ ಇರಲಿ. ಕೈಯ ಎಣ್ಣೆ ಜಿಡ್ಡು ಅಂಟಿದರೂ ಮುಂದಿನ ಹನಿಯ ಸುಣ್ಣ ಅಲ್ಲಿ ಸರಿಯಾಗಿ ಕೂರುವುದಿಲ್ಲವಂತೆ. ಗವಿಗಳ ಬಾಯಲ್ಲಿ ಅರಣ್ಯ ಇಲಾಖೆಯವರು ಫಲಕ ಹಾಕುವುದಾದರೆ ಕನ್ನಡದ ಜೊತೆ ಮರಾಠಿ, ಕೊಂಕಣಿಯಲ್ಲೂ ಬರೆಸಲಿ. ನಮ್ಮ ಕಾಡಿಗೆ ಪುಣೆ, ಗೋವೆಯ ಗಾಡಿಗಳೂ ಬರುತ್ತವೆ. ಆ ಚಿತ್ರದ ಯುವಕನ ಮೇಲೆ ನನಗೆ ಕೋಪವಿಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ಯಾರೂ ಹೇಳಿರಲಿಲ್ಲ, ಅವನಿಗೂ ಯಾರೂ ಹೇಳಿರಲಿಕ್ಕಿಲ್ಲ. ಪತ್ರಿಕೆ ಹೇಳಬಹುದಿತ್ತು ಎಂಬುದಷ್ಟೇ ನನ್ನ ತಕರಾರು.

ಈ ಸಲದ ಶಿವರಾತ್ರಿಗೆ ಮಗಳನ್ನು ಕರೆದುಕೊಂಡು ಆ ಗವಿಗೆ ಹೋಗಿದ್ದೆ. ಕಲ್ಲನ್ನು ಮರಳಿ ಅಂಟಿಸಲಾಗದು ಎಂಬುದು ಗೊತ್ತಿತ್ತು, ಆದರೂ ಚೀಲದಲ್ಲಿ ಹಾಕಿಕೊಂಡಿದ್ದೆ. ಮುರಿದ ಜಾಗವನ್ನು ಅವಳಿಗೆ ತೋರಿಸಬೇಕು, ಇಷ್ಟು ವರ್ಷಗಳಲ್ಲಿ ಹೊಸದಾಗಿ ಎಷ್ಟು ಬೆಳೆದಿದೆ ನೋಡಬೇಕು ಎಂಬ ಆಸೆ. ಬ್ಯಾಟರಿ ಹಿಡಿದು ಅರ್ಧ ಗಂಟೆ ಹುಡುಕಿದೆ. ಗುರುತು ಹಿಡಿಯಲು ಆಗಲಿಲ್ಲ. ಕೈಗೆಟಕುವ ಎತ್ತರದಲ್ಲಿ ಇದ್ದದ್ದೆಲ್ಲವೂ ಮೋಟಾಗಿತ್ತು. ಕಲ್ಲು ಚೀಲದಲ್ಲೇ ಪುಣೆಗೆ ವಾಪಸು ಬಂತು.

ಪತ್ರದ ಜೊತೆ ಒಂದು ಫೋಟೋ ಲಗತ್ತಿಸಿದ್ದೇನೆ. ಅದು ಗೀಜರಿನ ಕಾಯಿಲಿನದು. ಪ್ರಕಟಿಸುವುದಿದ್ದರೆ ದಯವಿಟ್ಟು ‘ಗವಿಯಲ್ಲಿ ಸಿಕ್ಕ ಅಪರೂಪದ ಶಿಲೆ’ ಎಂದು ಅಡಿಬರಹ ಹಾಕಬೇಡಿ.

ಇಂತಿ ತಮ್ಮ ಓದುಗ,
ಗೀಜರ್ ರಿಪೇರಿಯವನು
ಕೋಥ್ರೂಡ್, ಪುಣೆ